ದೆವ್ವದ ಪಟ್ಟಿ ಅರ್ಧಕ್ಕೇ ನಿಂತ ವರ್ಷ

ಈಗಷ್ಟೇ ಮುಗಿದ ವರ್ಷದ ಡೈರಿ ನನ್ನ ಮುಂದಿದೆ. ಅದರ ಕಡೆಯ ಪುಟದಲ್ಲಿ ಒಂದರಿಂದ ಹತ್ತರವರೆಗೆ ಅಂಕಿ ಹಾಕಿದ್ದೇನೆ. ಆರರವರೆಗೆ ತುಂಬಿದೆ, ಏಳರಿಂದ ಮುಂದೆ ಬರೀ ಗೆರೆ. ಇಷ್ಟು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಆ ಪುಟ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಆ ಸಿಟ್ಟನ್ನು ಮನೆಯಲ್ಲಿ ತೋರಿಸಿದರೆ ಕೇಳುವವರಿಲ್ಲ, ಶಾಲೆಯಲ್ಲಿ ತೋರಿಸಿದರೆ ಮಕ್ಕಳ ಮೇಲೆ ಬೀಳುತ್ತದೆ. ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಇದು ದೆವ್ವದ ಪಟ್ಟಿ. ನಾನು ಗಂಗಾವತಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳುವ ಐವತ್ತೆರಡರ ಹೆಂಗಸು. ಪ್ರತಿ ಡಿಸೆಂಬರಿನ ಕೊನೆಯ ವಾರ, ಆ ವರ್ಷ ನೋಡಿದ ದೆವ್ವದ ಸಿನಿಮಾಗಳಲ್ಲಿ ಹತ್ತನ್ನು ಆರಿಸಿ, ಇಪ್ಪತ್ತೈದಕ್ಕೆ ಅಂಕ ಕೊಟ್ಟು, ಕ್ರಮವಾಗಿ ಬರೆದಿಡುವುದು ನನ್ನ ಪದ್ಧತಿ. ಜತೆಗೆ ಪೆನ್ಸಿಲಿನಲ್ಲಿ ಇನ್ನೊಂದು ಸಣ್ಣ ಪಟ್ಟಿ ಇರುತ್ತದೆ: ಆ ವರ್ಷ ತಪ್ಪಿಹೋದವು, ಸಂಕ್ರಾಂತಿಯೊಳಗೆ ನೋಡಿ ಮುಗಿಸಬೇಕಾದವು. ಸಿನಿಮಾಗಳ ಹೆಸರು ನನಗೆ ನೆನಪಿರುವುದಿಲ್ಲ. ಎಷ್ಟೋ ಸಲ ಯಾವ ಭಾಷೆಯದು ಅನ್ನುವುದೂ ನೆನಪಿರುವುದಿಲ್ಲ. ಹಾಗಾಗಿ ‘ಹೊಲಿಗೆ ಮಶೀನಿನದು’, ‘ಮದುವೆ ಆಲ್ಬಮ್ಮಿನದು’, ‘ಉಪ್ಪಿನಕಾಯಿ ಭರಣಿಯದು’ ಅಂತ ಬರೆಯುತ್ತೇನೆ. ಈ ಸಲ ಮೊದಲ ಸ್ಥಾನ ಹೊಲಿಗೆ ಮಶೀನಿನದಕ್ಕೆ. ಖಾಲಿ ಕೋಣೆಯಲ್ಲಿ ಮಶೀನು ತಾನೇ ಓಡುತ್ತದೆ. ಬೆಳಗ್ಗೆ ನೋಡಿದರೆ ಮನೆಯವರೆಲ್ಲರ ಅಳತೆಗೆ ಸರಿಯಾಗಿ ಒಂದೊಂದು ಬಿಳಿ ಅಂಗಿ ಹೊಲಿದಿಟ್ಟಿರುತ್ತದೆ, ಒಬ್ಬರಿಗೆ ಮಾತ್ರ ಇಲ್ಲ. ಇಪ್ಪತ್ತೈದಕ್ಕೆ ಇಪ್ಪತ್ಮೂರು ಕೊಟ್ಟೆ. ನಮ್ಮ ಶಾಲೆಯ ಮಕ್ಕಳಿಗೆ ನಾನು ಅಷ್ಟು ಕೊಟ್ಟದ್ದು ಅಪರೂಪ.

ಉಳಿದೆರಡು ಅಂಕ ಯಾಕೆ ಕಳೆದೆ ಅಂದರೆ, ಕೊನೆಗೆ ಒಬ್ಬ ಡಾಕ್ಟರು ಬಂದು ಇದೆಲ್ಲ ಮನಸ್ಸಿನ ಕಾಯಿಲೆ ಅಂದುಬಿಟ್ಟ. ಈ ಸಿನಿಮಾ ಡಾಕ್ಟರುಗಳ ಮೇಲೆ ನನಗಿರುವ ಸಿಟ್ಟು ಇವತ್ತಿನದಲ್ಲ. ಎರಡು ತಾಸು ಜೀವ ಕೈಯಲ್ಲಿ ಹಿಡಿದು ಕೂತವರಿಗೆ, ಕನ್ನಡಕ ಒರೆಸುತ್ತಾ ‘ಎಲ್ಲ ಭ್ರಮೆ’ ಅನ್ನುವ ಹಕ್ಕು ಇವರಿಗೆ ಯಾರು ಕೊಟ್ಟರು? ಇನ್ನು ಈಚೆಗೆ ಬಂದಿರುವ ಚಾಳಿ ಎಂದರೆ ನಗಿಸುವವರನ್ನು ತಂದು ನಡುವೆ ತುರುಕುವುದು. ದೆವ್ವ ಬಾಗಿಲ ಹಿಂದೆ ನಿಂತಿರುತ್ತದೆ, ಇತ್ತ ಒಬ್ಬ ಪಂಚೆ ಉದುರಿಸಿಕೊಂಡು ಓಡುತ್ತಾನೆ. ದೆವ್ವಕ್ಕೂ ಒಂದು ಮರ್ಯಾದೆ ಅಂತ ಇರುತ್ತದೆಯಲ್ಲ. ಅಂಥವಕ್ಕೆ ನಾನು ಹತ್ತರ ಮೇಲೆ ಕೊಡುವುದಿಲ್ಲ.

ಮತ್ತೆ ಆ ಬಂಗಲೆ. ಗುಡ್ಡದ ಮೇಲೆ ಬಂಗಲೆ, ಸುತ್ತ ಮಂಜು, ಒಳಗೆ ಪಿಯಾನೋ. ನಮ್ಮ ಕಡೆ ಮಂಜು ಎಲ್ಲಿಂದ ತರೋಣ, ಇಲ್ಲಿ ಹಾರುವುದು ರೈಸ್ ಮಿಲ್ಲಿನ ತೌಡು. ನಮ್ಮೂರಿನ ಹಳೆಯ ಮಿಲ್ಲೊಂದರಲ್ಲಿ ಬೆಲ್ಟು ನಿಂತ ಮೇಲೆ ಐದು ನಿಮಿಷ ಒಳಗೆ ನಿಂತು ನೋಡಬೇಕು, ಮೈಮೇಲಿನ ಕೂದಲು ಎದ್ದು ನಿಲ್ಲುತ್ತವೆ. ಒಬ್ಬ ನಿರ್ದೇಶಕನಾದರೂ ಈ ಕಡೆ ತಲೆ ಹಾಕಿದ್ದಾನೆಯೇ? ಇಲ್ಲೇ ಹೊಳೆದಂಡೆಯ ವಿರೂಪಾಪುರಗಡ್ಡೆಗೆ ದೇಶ ದೇಶದಿಂದ ಜನ ಬರುತ್ತಾರೆ, ಬಂಡೆಯ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾರೆ, ಎದ್ದು ಹೋಗುತ್ತಾರೆ. ಮುಳುಗಿದ ಮೇಲೆ ಅಲ್ಲಿ ಏನಿರುತ್ತದೆ ಅನ್ನುವ ಕುತೂಹಲ ಒಬ್ಬರಿಗೂ ಇಲ್ಲ.

ಈ ಚಟ ನನಗೆ ಹತ್ತಿದ್ದು ಯಲಬುರ್ಗಾದಲ್ಲಿ, ನನ್ನ ತವರಿನಲ್ಲಿ. ಆಗ ಅಲ್ಲಿಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ತಟ್ಟಿ, ಕೂರುವುದಕ್ಕೆ ಮರಳು. ನನ್ನನ್ನು ಕರೆದುಕೊಂಡು ಹೋಗುತ್ತಿದ್ದವಳು ಚಿಗವ್ವ, ಅಂದರೆ ನನ್ನ ಅವ್ವನ ತಂಗಿ. ದೆವ್ವ ಬರುವ ಸುಳಿವು ಸಿಕ್ಕರೆ ಸಾಕು, ತನ್ನ ಇಳಕಲ್ ಸೀರೆಯ ಕೆಂಪು ಸೆರಗನ್ನು ನನ್ನ ಮುಖದ ಮೇಲೆ ಎಳೆದುಬಿಡುತ್ತಿದ್ದಳು. ನಾನು ನೂಲಿನ ಸಂದಿಯಿಂದ ಎಲ್ಲವನ್ನೂ ನೋಡುತ್ತಿದ್ದೆ. ಹಾಗಾಗಿ ಆ ಕಾಲದ ದೆವ್ವಗಳೆಲ್ಲ ನನ್ನ ನೆನಪಿನಲ್ಲಿ ಕೆಂಪಗಿವೆ. ಎಷ್ಟೋ ವರ್ಷದ ಮೇಲೆ ಅವುಗಳಲ್ಲೊಂದು ಸಿನಿಮಾ ಟೀವಿಯಲ್ಲಿ ಬಂದಾಗ ನೋಡಿದರೆ ಅದರ ದೆವ್ವ ಬಿಳಿ ಸೀರೆ ಉಟ್ಟಿತ್ತು. ನನಗೆ ಯಾರೋ ಮೋಸ ಮಾಡಿದ ಹಾಗೆ ಅನಿಸಿತು.

ಇಷ್ಟು ಕೇಳಿ ನನ್ನನ್ನು ಗಟ್ಟಿಗಿತ್ತಿ ಅಂದುಕೊಂಡೀರಿ. ನಾನು ಹಲ್ಲಿಗೆ ಅಂಜುತ್ತೇನೆ. ಸಿನಿಮಾ ನೋಡಿದ ದಿನ ಹಿತ್ತಲ ಬಚ್ಚಲಿಗೆ ಒಬ್ಬಳೇ ಹೋಗುವುದಿಲ್ಲ. ನಮ್ಮ ಮನೆಯವರು ಹೊರಗೆ ನಿಂತು ಕೆಮ್ಮುತ್ತಿರಬೇಕು, ಕೆಮ್ಮು ನಿಂತರೆ ನಾನು ಒಳಗಿಂದ ಕೂಗುತ್ತೇನೆ. ಅವರು ಪಂಪ್‌ಸೆಟ್ ರಿಪೇರಿ ಮಾಡುವವರು, ಮಾತು ಕಡಿಮೆ. ಮದುವೆಯಾದ ಹೊಸದರಲ್ಲಿ ಒಮ್ಮೆ, “ಅಂಜಿಕಿ ಬರತೈತಿ ಅಂದ್ರ ಯಾಕ ನೋಡತಿ?” ಅಂತ ಕೇಳಿದ್ದರು. “ಮೆಣಸಿನಕಾಯಿ ಬಜಿ ಖಾರ ಇರತೈತಿ ಅಂತ ಗೊತ್ತಿದ್ದೂ ಯಾಕ ತಿಂತೀರಿ?” ಅಂದೆ. ಆಮೇಲೆ ಅವರು ಕೇಳಲಿಲ್ಲ. ಮಗಳು ಪವಿತ್ರಾ ಮಾತ್ರ ಸಣ್ಣವಳಿದ್ದಾಗಿನಿಂದ ನನ್ನ ಪಕ್ಕ ಕೂತು ನೋಡಿದವಳು. ನಾನು ಕಣ್ಣು ಮುಚ್ಚಿಕೊಂಡರೆ, “ಅವ್ವಾ, ಕಣ್ಣ ತಗಿ, ಹೋತದು” ಅಂತ ಹೇಳುವುದು ಆಕೆಯ ಕೆಲಸವಾಗಿತ್ತು.

ಈಗ ನನ್ನ ಸಿಟ್ಟಿನ ಬುಡಕ್ಕೆ ಬರುತ್ತೇನೆ. ಪವಿತ್ರಾಳನ್ನು ಕುಷ್ಟಗಿಗೆ ಕೊಟ್ಟಿದ್ದೇವೆ. ಆಗಸ್ಟ್ ಕೊನೆಗೆ ಆಕೆಗೆ ಐದು ತಿಂಗಳಾಗಿತ್ತು, ಕುಬಸದ ಕಾರ್ಯ, ಅಂದರೆ ಸೀಮಂತ, ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಹೂವು, ಓಣಿಯ ಮುತ್ತೈದೆಯರೆಲ್ಲ ಬಂದು ಉಡಿ ತುಂಬಿದರು. ಎಲ್ಲ ಛಂದ ಆಯಿತು. ಕಡೆಗೆ ಬೀಗತಿ, ಅಂದರೆ ಮಗಳ ಅತ್ತೆ, ಫೋಟೋ ನೋಡುತ್ತೇನೆಂದು ನನ್ನ ಫೋನು ಇಸಿದುಕೊಂಡರು. ಆರತಿಯ ಫೋಟೋ ನೋಡುತ್ತಿದ್ದ ಹಾಗೇ ಫೋನಿನ ಮೇಲೆ ಒಂದು ಚಿತ್ರ ಇಳಿದು ಬಂತು, ಕಣ್ಣುಗುಡ್ಡೆಯಿಲ್ಲದ ಒಬ್ಬ ಹೆಂಗಸು. ಕೆಳಗೆ ‘ನೀವು ಅರ್ಧಕ್ಕೆ ಬಿಟ್ಟದ್ದನ್ನು ಮುಂದುವರಿಸಿ’ ಅಂತ ಬರಹ. ಬೀಗತಿ ಫೋನನ್ನು ಬಾಗಿನದ ಮೊರದೊಳಗೆ ಬಿಟ್ಟರು.

“ಬೀಗರ, ತಪ್ಪ ತಿಳಕೋಬ್ಯಾಡ್ರಿ,” ಅಂದರು ಅವರು, ಎದೆಯ ಮೇಲೆ ಕೈಯಿಟ್ಟುಕೊಂಡು. “ಹುಡುಗಿ ಹೊಟ್ಟಿಲೆ ಅದಾಳ. ಇಂಥಾವನ್ನ ಮನಿಯಾಗ ಇಟಗೊಂಡ್ರ ಹೆಂಗ್ರಿ?”

ನನ್ನ ಅತ್ತೆಗೆ ಇಷ್ಟು ಸಾಕಾಗಿತ್ತು. ಅವರು ಇಪ್ಪತ್ತೇಳು ವರ್ಷದಿಂದ ಈ ಮಾತಿಗೆ ಕಾದಿದ್ದರು ಅಂತ ನನ್ನ ಗುಮಾನಿ. ಎಲ್ಲರ ಎದುರಿಗೇ ತೀರ್ಪು ಕೊಟ್ಟರು: “ಈಕಿ ಹಡಿಯೂತನಕಾ ಈ ಮನಿಯೊಳಗ ದೆವ್ವ ಬಂದ್. ಗಿರಿಜಾ, ಮಗಳ ತಲಿ ಮ್ಯಾಲೆ ಕೈ ಇಟ್ಟ ಹೇಳು, ನೋಡೂದಿಲ್ಲ ಅಂತ.” ನಾನು ಗಣಿತದವಳು, ಆಣೆ ಗೀಣೆ ನಂಬುವವಳಲ್ಲ. ಆದರೂ ಪವಿತ್ರಾಳ ಹೂ ಮುಡಿದ ತಲೆಯ ಮೇಲೆ ಕೈಯಿಟ್ಟು, ನೋಡುವುದಿಲ್ಲ ಅಂದೆ. ಅನ್ನದಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕುವ ಧೈರ್ಯ ಬರಲಿಲ್ಲ. ಅವತ್ತೇ ಟೀವಿ ರಿಮೋಟು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕಕ್ಕೆ ಹೋಯಿತು. ಸ್ನಾನ ಮಾಡದೆ ಅದನ್ನು ಮುಟ್ಟುವ ಹಾಗಿರಲಿಲ್ಲ.

ಅತ್ತೆ ಮುಟ್ಟುತ್ತಿದ್ದರು. ಸಂಜೆ ದೀಪ ಹಚ್ಚಿ, ರಿಮೋಟಿಗೆ ಒಂದು ನಮಸ್ಕಾರ ಹಾಕಿ, ಧಾರಾವಾಹಿ ಹಚ್ಚುತ್ತಿದ್ದರು. ಆ ಧಾರಾವಾಹಿಗಳಲ್ಲಿ ಏನಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಒಬ್ಬಳು ಹಾಲಿನಲ್ಲಿ ವಿಷ ಹಾಕುತ್ತಾಳೆ. ಇನ್ನೊಬ್ಬಳು ಮೆಟ್ಟಿಲಿಗೆ ಎಣ್ಣೆ ಸುರಿದು ಬಸುರಿ ಸೊಸೆ ಇಳಿದು ಬರುವುದನ್ನೇ ಕಾಯುತ್ತಾಳೆ, ಮೂರು ದಿನ ಕಾಯುತ್ತಾಳೆ, ಯಾಕೆಂದರೆ ಆಕೆ ಮೂರು ದಿನ ಇಳಿಯುತ್ತಲೇ ಇರುತ್ತಾಳೆ. ಹೆರಿಗೆಗೆಂದು ನಮ್ಮಲ್ಲೇ ಉಳಿದಿದ್ದ ಪವಿತ್ರಾ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. “ಅತ್ತಿ, ಇದು ನಡೀತೈತೇನ್ರಿ?” ಅಂತ ಕೇಳಿದೆ. “ಇದು ಸಂಸಾರದ ಕಥಿ,” ಅಂದರು ಅತ್ತೆ. ಕೊಲೆ ಮಾಡುವವಳು ಸೀರೆ ಉಟ್ಟು ಕುಂಕುಮ ಹಚ್ಚಿಕೊಂಡಿದ್ದರೆ ಸಂಸಾರ, ಕೂದಲು ಬಿಟ್ಟುಕೊಂಡಿದ್ದರೆ ದೆವ್ವ. ಈ ನ್ಯಾಯ ನನಗೆ ಇವತ್ತಿಗೂ ತಿಳಿದಿಲ್ಲ.

ನನಗೆ ಉಳಿದ ಒಂದೇ ಗತಿ ನಮ್ಮ ಶಾಲೆಯ ರಜಿಯಾ ಟೀಚರು. ಆಕೆಯೂ ನನ್ನ ಹಾಗೇ ದೆವ್ವದ ಹುಚ್ಚಿನವರು. ಹೊಸದು ಯಾವುದು ಬಂದರೂ ಆಕೆ ಮೊದಲು ನೋಡಿ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿ ನನಗೆ ಹೇಳುತ್ತಿದ್ದರು. ನಾನು ನೋಡುವುದಿಲ್ಲ ಅಂತ ಆಣೆ ಮಾಡಿದ್ದು, ಕೇಳುವುದಿಲ್ಲ ಅಂತ ಅಲ್ಲವಲ್ಲ. ಆದರೆ ಆಕೆಯದೊಂದು ನಿಯತ್ತು. ದೆವ್ವ ಯಾರು ಅನ್ನುವ ಹೊತ್ತಿಗೆ ಡಬ್ಬಿ ಮುಚ್ಚಿ, “ಮುಂದಿಂದ ಹೇಳಂಗಿಲ್ಲರಿ ಟೀಚರ್, ನೀವ ನೋಡಬೇಕು. ಹೇಳಿದ್ರ ನನಗ ಪಾಪ ಬರತೈತಿ,” ಅನ್ನುವವರು. ನಾಲ್ಕು ತಿಂಗಳಲ್ಲಿ ಒಂಬತ್ತು ಸಿನಿಮಾ ಕೇಳಿದೆ, ಒಂದಕ್ಕೂ ಕೊನೆಯಿಲ್ಲ. ಪೆನ್ಸಿಲಿನ ಪಟ್ಟಿ ಬೆಳೆಯಿತು, ಪೆನ್ನಿನ ಪಟ್ಟಿ ಆರಕ್ಕೇ ನಿಂತಿತು. ಪಾಠ ಹೇಳುವಾಗ ಕೂಡ ಆ ಒಂಬತ್ತು ಬಾಗಿಲುಗಳ ಹಿಂದೆ ಯಾರಿದ್ದಾರು ಅಂತಲೇ ಯೋಚನೆ. ಹಸಿದಿದ್ದೆ ಅಂತ ಹೇಳಿದರೆ ಸರಿಯಾದೀತು. ಮುಂದೆ ನಾನು ಮಾಡಿದ ತಪ್ಪಿಗೆ ಇದು ಕಾರಣ, ನೆಪ ಅಲ್ಲ.

ಡಿಸೆಂಬರ್ ಬಂತು, ಪವಿತ್ರಾಳಿಗೆ ದಿನ ಹತ್ತಿರವಾದವು, ನಾನು ಶಾಲೆಗೆ ರಜೆ ಹಾಕಿದೆ. ನಮ್ಮ ಕಡೆ ದಿನ ತುಂಬುತ್ತಿರುವವಳನ್ನು ನೋಡಲು ಬರಿಗೈಯಲ್ಲಿ ಬರುವುದಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಯಕೆಯ ಊಟ ತರತೊಡಗಿದರು. ಸಜ್ಜೆ ರೊಟ್ಟಿ, ಎಣಗಾಯಿ ಬದನೆಕಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮಾದಲಿ. ಇದರಲ್ಲಿ ತಪ್ಪೇನೂ ಇಲ್ಲ, ನಾನೂ ತಿಂದಿದ್ದೇನೆ. ತಪ್ಪು ಡಬ್ಬಿ ಖಾಲಿಯಾದ ಮೇಲೆ ಸುರುವಾಗುತ್ತಿತ್ತು. ಉಂಡ ತಟ್ಟೆ ಸರಿಸಿ, ಎಲೆ ಅಡಿಕೆ ಹಾಕಿಕೊಂಡು, ತಮಗೆ ಗೊತ್ತಿದ್ದ ಹೆರಿಗೆಗಳನ್ನು ಹೇಳುವುದು. ಸುಖವಾಗಿ ಆದ ಹೆರಿಗೆ ಯಾರಿಗೂ ನೆನಪಿರುವುದಿಲ್ಲ. ಒಬ್ಬಳು ಕೂಸಿನ ಕೊರಳಿಗೆ ಸುತ್ತಿದ ಬಳ್ಳಿಯ ಕಥೆ ತಂದರೆ ಇನ್ನೊಬ್ಬಳು ಅದಕ್ಕಿಂತ ಒಂದು ಕೈ ಮೇಲಿನದನ್ನು ತರುತ್ತಿದ್ದಳು. ಇದನ್ನೆಲ್ಲ ದಿನ ತುಂಬುತ್ತಿದ್ದ ಹುಡುಗಿಯ ಮುಂದೆ, ಆಕೆಯ ಹೊಟ್ಟೆ ನೋಡುತ್ತಾ. ಜಗಲಿಯ ಮೇಲೆ ರಿಮೋಟು ಮಡಿಯಲ್ಲಿ ಕೂತೇ ಇತ್ತು.

ಇವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳುವವರು ಎರಡು ಮನೆಯಾಚೆಯ ಶರಣಮ್ಮ, ಅವರ ತವರು ನವಲಿ. ಒಂದು ದಿನ ಮಧ್ಯಾಹ್ನ ಶೇಂಗಾ ಹೋಳಿಗೆ ತಂದರು. ಪವಿತ್ರಾ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಿದ್ದಳು, ಅವರು ತಮ್ಮ ನಾದಿನಿಯ ಕಥೆ ತೆಗೆದರು. ಸುಗ್ಗಿಯ ದಿನಗಳು, ದಾರಿಯ ತುಂಬ ಭತ್ತದ ಲಾರಿಗಳು, ನಾದಿನಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟಿದ್ದಾರೆ. ಕಾಲುವೆಯ ಸೇತುವೆ ಹತ್ತಿರ ಮುಂದಿನ ಲಾರಿ ಕೆಟ್ಟು ನಿಂತಿದೆ. ಅಲ್ಲಿ ಶರಣಮ್ಮ ಮಾತು ನಿಲ್ಲಿಸಿ ಅಡಿಕೆ ಕತ್ತರಿಸಿದರು.

ನಾನು ತಡೆಯಬೇಕಾಗಿತ್ತು. ತಡೆಯಲಿಲ್ಲ. ನಾನು, “ಆಮ್ಯಾಲೆ?” ಅಂದೆ.

“ಆಮ್ಯಾಲೆ ಏನ್ ಹೇಳ್ಲಿ ಟೀಚರ,” ಅಂದರು ಶರಣಮ್ಮ, ದನಿ ತಗ್ಗಿಸಿ. “ಆಕಿ ತಲಿ ನನ್ನ ತೊಡಿ ಮ್ಯಾಲೆ ಇತ್ತು. ನನ್ನ ಕೈ ಹಿಡದ ಅಂದ್ಲು, ‘ವೈನಿ, ನನ್ನ ಕಾಲ ತಣ್ಣಗಾಗಾಕ ಹತ್ಯಾವು, ನೋಡ್ರಿ’ ಅಂತ. ಮುಟ್ಟಿ ನೋಡಿದೆ. ಬಾವಿ ನೀರಿನಂಗ ಆಗಿದ್ವು. ಲಾರಿ ಸರಿಯೂದ್ರಾಗ ಎಲ್ಲಾ ಮುಗದಿತ್ತು.”

ನಿಜ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಮೈ ಜುಮ್ಮೆಂದಿತು, ಮತ್ತು ನಾಲ್ಕು ತಿಂಗಳ ಮೇಲೆ ಕೊನೆ ಇರುವ ಒಂದು ಕಥೆ ಸಿಕ್ಕಿತು ಅಂತ ಮನಸ್ಸಿನಲ್ಲೆಲ್ಲೋ ಒಂದು ಸಮಾಧಾನವೂ ಆಯಿತು. ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಇಪ್ಪತ್ತೈದಕ್ಕೆ ಎಷ್ಟು ಕೊಡಬಹುದು ಅನ್ನುವವರೆಗೂ ಯೋಚನೆ ಹೋಗಿತ್ತು. ಶರಣಮ್ಮ ಡಬ್ಬಿ ತೊಳೆಸಿಕೊಂಡು ಹೋದರು. ಪವಿತ್ರಾಳ ತಟ್ಟೆಯಲ್ಲಿ ಹೋಳಿಗೆ ಮುರಿದ ಹಾಗೇ ಇತ್ತು.

ಮರುದಿನದಿಂದ ಆಕೆಗೆ ಊಟ ಸೇರಲಿಲ್ಲ. ಕೇಳಿದರೆ ಹೊಟ್ಟೆ ಭಾರ ಅನ್ನುವಳು. ಒಂದು ಮಧ್ಯಾಹ್ನ ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಆಕೆ ಗೋಡೆಗೆ ಒರಗಿ ಕೂತು, ಬಾಗಲಾಗದ ಹೊಟ್ಟೆಯನ್ನು ಒಂದು ಪಕ್ಕಕ್ಕೆ ಮಾಡಿಕೊಂಡು, ಕಷ್ಟಪಟ್ಟು ಕೈ ಚಾಚಿ ತನ್ನ ಪಾದ ಮುಟ್ಟಿಕೊಂಡಳು. ತುಸು ಹೊತ್ತು ಹಾಗೇ ಹಿಡಿದಿದ್ದು, ಬಿಟ್ಟು, ಮತ್ತೆ ಮುಟ್ಟಿಕೊಂಡಳು. ಕಾಲು ನೋಯುತ್ತದೆಯೇನೋ ಅಂದುಕೊಂಡೆ. ಮೂರನೆಯ ಸಲ ಮುಟ್ಟಿಕೊಂಡಾಗ ನನಗೆ ತಿಳಿಯಿತು. ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿ ನಿಂತುಕೊಂಡೆ, ಆಕೆಯ ಮುಖ ನೋಡುವ ಯೋಗ್ಯತೆ ನನಗಿರಲಿಲ್ಲ.

ಆ ವಾರದ ತಪಾಸಣೆಗೆ ಹೋದಾಗ ಆಸ್ಪತ್ರೆಯ ಡಾಕ್ಟರಮ್ಮ ಎರಡೆರಡು ಸಲ ತೋಳಿಗೆ ಪಟ್ಟಿ ಸುತ್ತಿ ನೋಡಿದರು. “ಬಿ.ಪಿ. ಏರೈತಿ. ಹಿಂಗ ಏರಕೋತ ಹೋದ್ರ ತಾಯಿಗೂ ತ್ರಾಸು, ಕೂಸಿಗೂ ತ್ರಾಸು. ದಿನ ತುಂಬೂದ್ರಾಗ ಆಪರೇಶನ್ ಮಾಡಿ ತಗೀಬೇಕಾಗತೈತಿ. ಏನ ಚಿಂತಿ ಹಚಗೊಂಡಾಳ ಈಕಿ? ಯಾರರ ಅಂಜಿಸೀರೇನು?”

ನನ್ನ ಅತ್ತೆ ನನ್ನ ಕಡೆ ಬೆರಳು ಮಾಡಿದರು. “ಇವರವ್ವ ದೆವ್ವದ ಪಿಚ್ಚರ್ ನೋಡತಾಳ್ರಿ. ಸಣ್ಣಾಕಿ ಇದ್ದಾಗಿಂದ ಇದಕ್ಕೂ ತೋರಿಸ್ಯಾಳ. ಅದ ಈಗ ರಕ್ತದಾಗ ಎದ್ದೈತಿ.”

ಡಾಕ್ಟರಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾಲ್ಕು ತಿಂಗಳು, ಒಂದೇ ಒಂದು ದೆವ್ವದ ಮುಖ ನೋಡದೆ, ಒಂಬತ್ತು ಕಥೆಗಳನ್ನು ಅರ್ಧಕ್ಕೆ ನುಂಗಿಕೊಂಡು ಕೂತವಳು ನಾನು. ಮನೆಗೆ ಬಂದು ದಿನಕ್ಕೊಂದು ಹೆಣ ಇಳಿಸಿ, ಎಲೆ ಅಡಿಕೆ ತಿಂದು ಹೋದವರು ಓಣಿಯ ಗರತಿಯರು. ತಪ್ಪು ಬಂದದ್ದು ನನ್ನ ತಲೆಗೆ. ಅಲ್ಲೇ ಜಗಳ ತೆಗೆಯುತ್ತಿದ್ದೆ, ಆದರೆ ಆ ‘ಆಮ್ಯಾಲೆ?’ ನನಗೆ ಅಡ್ಡ ಬಂತು. ಒಂದು ಪಾಲು ನನ್ನದೂ ಇತ್ತು, ಅದು ನನಗೂ ಪವಿತ್ರಾಳಿಗೂ ಗೊತ್ತಿತ್ತು.

ಮರುದಿನವೇ ಶರಣಮ್ಮ ಇನ್ನೊಬ್ಬ ಹೆಂಗಸನ್ನು ಜತೆಗೆ ಕರೆದುಕೊಂಡು ಬಂದರು. ಆಕೆಯ ಕೈಯಲ್ಲಿ ಮಾದಲಿಯ ಡಬ್ಬಿ. ಶರಣಮ್ಮ ಕೂತು ಸೆರಗು ಸರಿಮಾಡಿಕೊಂಡವರೇ, “ಇವರ ಅಕ್ಕನ ಮಗಳದು ಹುಲಿಹೈದರದಾಗ ಮೊನ್ನಿ ಏನಾತಂದ್ರ…” ಅಂತ ಸುರು ಮಾಡಿದರು.

“ಶರಣಮ್ಮಾರ, ಅಷ್ಟಕ್ಕ ನಿಲ್ಲಸ್ರಿ,” ಅಂದೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸದವರಿಗೆ ಹೇಳುವ ದನಿ ಅದು, ತಾನಾಗಿ ಬಂತು. “ದೆವ್ವದ್ದು ಹೇಳ್ರಿ, ಪಿಶಾಚಿದು ಹೇಳ್ರಿ, ಕುಂಡ್ರಿಸಿ ಚಾ ಮಾಡಿ ಕೊಡತೀನಿ. ಈ ಮನಿಯಾಗ ಹೆರಿಗಿದು ಇನ್ನೊಂದ ಮಾತ ಬ್ಯಾಡ.”

“ಅಯ್ಯ, ನಾವೇನ ಕೆಟ್ಟದ್ದ ಬಯಸಿ ಹೇಳತೀವೇನ್ರಿ? ಹುಡುಗಿ ಹುಷಾರಲೆ ಇರಲಿ ಅಂತ ಹೇಳತೀವಿ.”

“ಹೆಂಗ ಹುಷಾರಲೆ ಇರಬೇಕ್ರಿ ಆಕಿ? ತಣ್ಣಗಾಗಬ್ಯಾಡ ಅಂತ ಕಾಲಿಗೆ ಹೇಳಬೇಕೇನು? ಎಂಟ ದಿನಾತು, ಕಾಲ ಮುಟ್ಟಿ ಮುಟ್ಟಿ ನೋಡಕೋತ ಕುಂತಾಳ. ನೀವು ಉಂಡ ಹೋಗತೀರಿ. ಆಕಿ ಉಣವಲ್ಲಳು.”

ಶರಣಮ್ಮನ ಮುಖ ಕೆಂಪಗಾಯಿತು. ಜತೆಗೆ ಬಂದಾಕೆ ಮಾದಲಿಯ ಡಬ್ಬಿಯನ್ನು ತೆರೆಯದೆಯೇ ಎತ್ತಿಕೊಂಡಳು. ಇಬ್ಬರೂ ಹೋದ ಮೇಲೆ ಅತ್ತೆ, ಮನೆಗೆ ಬಂದ ಮುತ್ತೈದೆಯರನ್ನು ಹೀಗೆ ಎಬ್ಬಿಸಿ ಕಳಿಸಿದ್ದು ಸರಿಯಲ್ಲ ಅಂತ ಒಂದು ತಾಸು ಮಾತಾಡಿ ಅಡುಗೆಮನೆ ಸೇರಿದರು. ನಾನು ಪವಿತ್ರಾಳ ಪಕ್ಕದಲ್ಲಿ ಹೋಗಿ ಕೂತೆ. ಆಕೆಯ ಎರಡೂ ಪಾದ ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಬೆಚ್ಚಗಿದ್ದವು.

“ಅವ್ವಾ,” ಅಂದಳು. “ನಾ ಹುಟ್ಟೂವಾಗ ನಿನಗ ಹೆಂಗಾಗಿತ್ತು?”

“ಏನಿಲ್ಲ ಬಿಡವಾ. ಭಾಳ ಹೊತ್ತ ಹಿಡೀಲಿಲ್ಲ,” ಅಂದೆ. ಆಕೆ ಯಾವಾಗ ಕೇಳಿದರೂ ನಾನು ಹೇಳುತ್ತಿದ್ದದ್ದು ಇಷ್ಟೇ.

“ಸುಳ್ಳ ಹೇಳಬ್ಯಾಡ.” ಪಾದ ಎಳೆದುಕೊಂಡಳು. “ಬಂದವರೆಲ್ಲಾ ಸತ್ತವರ ಕಥಿ ಹೇಳತಾರ. ಮನ್ಯಾಗಿನವರು ಏನೂ ಆಗೂದಿಲ್ಲ ಅಂತೀರಿ. ಅಂಜಿ, ಹಡದು, ಬದುಕಿದವರು ಒಬ್ಬರೂ ಇಲ್ಲೇನು ಈ ಊರಾಗ? ಇದ್ರ ಯಾಕ ಯಾರೂ ಬಾಯಿ ಬಿಡವಲ್ಲರಿ?”

ಇಷ್ಟು ವರ್ಷ ಊರ ದೆವ್ವಗಳಿಗೆಲ್ಲ ಅಂಕ ಕೊಟ್ಟವಳು, ನನ್ನ ಸ್ವಂತದ ಅಂಜಿಕೆಯ ಕಥೆಯೊಂದನ್ನು ಮಗಳಿಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. ಯಲಬುರ್ಗಾದಲ್ಲಿ ಒಂದು ಸಂಜೆ ನೋವು ಸುರುವಾದದ್ದು, ಮರುದಿನ ಊಟದ ಹೊತ್ತಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಆಕೆ ಹುಟ್ಟಿದ್ದು. ನಡುವೆ ನಾನು ಸಾಯುತ್ತೇನೆ ಅಂತ ಖಾತ್ರಿ ಮಾಡಿಕೊಂಡು, ನನ್ನ ಜೋಡು ಬಳೆ ಯಾರಿಗೆ ಕೊಡಬೇಕು ಅಂತ ಅವ್ವನಿಗೆ ಹೇಳಿದ್ದು. ನರ್ಸಿನ ಮುಂಗೈ ಕಚ್ಚಿದ್ದು, ಆಕೆ ನನ್ನ ಕೆನ್ನೆಗೆ ಒಂದು ಬಿಟ್ಟದ್ದು. ಯಾವ ನೋವು ಎಲ್ಲಿಂದ ಎದ್ದು ಎಲ್ಲಿಗೆ ಹೋಗುತ್ತದೆ, ನಡುವೆ ಎಷ್ಟು ಬಿಡುವು ಸಿಗುತ್ತದೆ, ಆ ಬಿಡುವಿನಲ್ಲಿ ನಾನು ನಿದ್ದೆ ಹೋಗಿಬಿಟ್ಟಿದ್ದೆ ಅನ್ನುವುದು. ಒಂದನ್ನೂ ಬಿಡಲಿಲ್ಲ. ಹಗುರ ಮಾಡಿಯೂ ಹೇಳಲಿಲ್ಲ, ಶರಣಮ್ಮನ ಹಾಗೆ ದನಿಯನ್ನೂ ತಗ್ಗಿಸಲಿಲ್ಲ.

“ಕಡೀ ಕಡೀಕ ನಿಮ್ಮ ಅಜ್ಜಿಗೆ ಬೈದೆ,” ಅಂದೆ. “ನನ್ನ ಈ ಮನಿಗೆ ತಂದುಕೊಂಡಾಕಿ ಹಾಳಾಗಿ ಹೋಗಲಿ ಅಂತ ಒದರಿದೆ.”

ಪವಿತ್ರಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅಡುಗೆಮನೆಯಿಂದ ಅತ್ತೆಯ ದನಿ ಬಂತು.

“ಕೇಳಿಸಿತ್ತು ನನಗ ಆವತ್ತ. ಬಸ್ ಹಿಡದ ಬಂದು ಹೊರಗ ಬೆಂಚಿನ ಮ್ಯಾಲೆ ಕುಂತಿದ್ದೆ.”

ಇಪ್ಪತ್ತಾರು ವರ್ಷ ಅವರು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು, ನಮ್ಮ ಎಷ್ಟೊಂದು ಜಗಳಗಳಲ್ಲಿ ಒಂದು ಸಲವೂ ತೆಗೆದಿರಲಿಲ್ಲ. ಅವರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ನಮ್ಮೆದುರು ನೆಲದ ಮೇಲೆ ಕೂತರು. “ನಾನೂ ನಮ್ಮತ್ತಿಗೆ ಬೈದಿದ್ದೆ,” ಅಂದರು ಪವಿತ್ರಾಳಿಗೆ. “ಆವಾಗ ಬಾಯಿ ತಗದ ಬೈಯೂವಂಗ ಇರಲಿಲ್ಲ. ಮನಸಿನಾಗ ಬೈದೆ.” ಆಮೇಲೆ ತಮ್ಮದನ್ನು ಹೇಳಿದರು, ಕತ್ತಲ ಕೋಣೆ, ಹಗ್ಗ ಹಿಡಿದು ಕೂತದ್ದು, ಸೂಲಗಿತ್ತಿ ಬರುವುದು ತಡವಾದದ್ದು. ಅವರಿಗೆ ಅಂಜಿಕೆ ಅನ್ನುವುದು ಇತ್ತು ಅಂತಲೇ ನನಗೆ ತಿಳಿದಿರಲಿಲ್ಲ. ಪವಿತ್ರಾ ಒಂದೊಂದನ್ನೇ ಕೇಳಿಕೊಂಡಳು, ನೀರು ಯಾವಾಗ ಒಡೆಯಿತು, ಎಷ್ಟು ತಾಸು, ಕೂಗಿದರೆ ಬೈಯುತ್ತಾರೇನು. ಸಂಜೆ ಅತ್ತೆ ಧಾರಾವಾಹಿ ಹಚ್ಚುವುದನ್ನು ಮರೆತರು. ಪವಿತ್ರಾ ಎರಡು ರೊಟ್ಟಿ ತಿಂದಳು.

ಮುಂದಿನ ವಾರ ಬಿ.ಪಿ. ಇಳಿದಿತ್ತು, ಪೂರ್ತಿ ಅಲ್ಲ, ಆದರೆ ಕಾಯಬಹುದು ಅಂದರು ಡಾಕ್ಟರಮ್ಮ. ಇಳಿದದ್ದು ಗುಳಿಗೆಯಿಂದ ಅಂತ ಅವರ ಮಾತು, ಇರಲಿ. ವರ್ಷದ ಕೊನೆಗೆ ಎರಡು ದಿನ ಇರುವಾಗ, ಬೆಳಗ್ಗೆ ಏಳಕ್ಕೆ ನಾವು ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಪವಿತ್ರಾ ಬೆಂಚಿನ ಹಿಡಿಕೆ ಹಿಡಿದು ನಿಂತಿದ್ದಳು, ಹಣೆಯ ತುಂಬ ಬೆವರು. ಡಾಕ್ಟರಮ್ಮ ಒಳಗೆ ಬಂದರೋ ಇಲ್ಲವೋ ಅಂತ ನಾನು ಮೂರು ಸಲ ಕೇಳಿದ್ದೆ.

ನರ್ಸು ಹೊರಗೆ ಬಂದು, “ಒಳಗ ಒಬ್ಬರ ಬರ್ರಿ. ಯಾರ ಬರತೀರಿ?” ಅಂದಳು.

ಅತ್ತೆ ಸೀರೆ ನಿರಿಗೆ ಸಿಕ್ಕಿಸಿಕೊಂಡು ಎದ್ದರು. “ನಾ ಹೋಗತೀನಿ. ಗಿರಿಜಾ ಅಂಜಬುರಕಿ. ಒಳಗ ಹೋಗಿ ಬಿದ್ದಗಿದ್ದಾಳು.”

ಅದು ಖರೆ ಇತ್ತು. ನಾನು ಸರಿದು ನಿಂತೆ. ಪವಿತ್ರಾ ಹಿಡಿಕೆ ಬಿಟ್ಟು, ಒಂದು ಉಸಿರು ಎಳೆದುಕೊಂಡು, ಅಜ್ಜಿಯ ಕಡೆ ತಿರುಗಿದಳು.

“ಅವ್ವ ಬರಲಿ,” ಅಂದಳು. “ಆಕಿ ಅಂಜತಾಳ, ನನಗ ಜೋಡಿ ಆಗತೈತಿ.”

ನಾನು ಒಳಗೆ ಹೋದೆ. ಹನ್ನೊಂದು ತಾಸು ಅಂಜಿದೆ, ಏನನ್ನೂ ಮುಚ್ಚಿಡದೆ, ಆಕೆಗೆ ಕಾಣುವ ಹಾಗೇ ಅಂಜಿದೆ. ಆಕೆ ನನ್ನ ಮುಖ ನೋಡಿ ಎರಡು ಸಲ ನಕ್ಕಳು. ಸಂಜೆ ಆರಕ್ಕೆ ಕೂಸು ಅತ್ತಿತು.